ತಮಾದ ಸುಮ್ಮನಾದಾಗ

ನಮ್ಮ ಕಖೇತಿಯಲ್ಲಿ ಔತಣಕ್ಕೊಬ್ಬ ಯಜಮಾನ, ತಮಾದ.
ಅವನು ನಾಲ್ಕು ಮಾತಾಡದೆ
ಯಾರೂ ಲೋಟ ತುಟಿಗೆ ತಾಗಿಸುವಂತಿಲ್ಲ.
ನನ್ನ ಮಗಳ ಮದುವೆಯ ರಾತ್ರಿ
ನನ್ನಣ್ಣ ನುಗ್ಜಾರನೇ ತಮಾದ. ಮಾತೆಂದರೆ ಮಾತು,
ದೇವರಿಗೊಂದು, ದ್ರಾಕ್ಷಿಗೊಂದು,
ಬೀಗರ ಮನೆಯ ಕುಂಟು ನಾಯಿಗೂ ಒಂದು.

ಆರನೆಯದು ಸತ್ತವರಿಗೆ.
ಏಳುವ ಮುನ್ನ ಸುಟ್ಟ ಮಾಂಸದ ತುಂಡೊಂದು ಬಾಯಿಗಿಟ್ಟ.
ಪಕ್ಕದಲ್ಲಿ ಜುರಾಬ ಏನೋ ಪೋಲಿ ಮಾತು ಉಸುರಿದ,
ಅಣ್ಣ ಬಾಯ್ತುಂಬ ನಕ್ಕ.
ನಗುತ್ತಲೇ ಎದ್ದ.
ಕೊಂಬಿನ ಬಟ್ಟಲು ಎತ್ತಿದ, ಬಾಯಿ ತೆರೆದ,
ಮಾತಿಲ್ಲ.

ಸತ್ತವರ ನೆನಪಲ್ಲವೇ,
ಗಂಟಲು ಕಟ್ಟಿತೆಂದುಕೊಂಡೆವು.
ನೂರೆಂಬತ್ತು ಜನ ಒಟ್ಟಿಗೆ ಎದ್ದು ನಿಂತೆವು.
ಪಾಂಡೂರಿ ನುಡಿಸುವವನು ತಂತಿಗಳ ಮೇಲೆ ಅಂಗೈಯಿಟ್ಟ.
ಹೆಂಗಸರು ಕಣ್ಣೊರೆಸಿಕೊಂಡರು.
ಎಂಥ ಮೌನ! ಎಷ್ಟು ಅಚ್ಚುಕಟ್ಟು!
ಅದರ ನಡುವೆ ಅಣ್ಣ ಸಾಯುತ್ತಿದ್ದ.

ನೆತ್ತಿಗೇರಿದವನು ಕೆಮ್ಮುತ್ತಾನೆ, ಕೆಮ್ಮಲಿ ಬಿಡಿ,
ಕೆಮ್ಮು ಬರುವಷ್ಟು ಹೊತ್ತು ಗಾಳಿಗೆ ದಾರಿಯಿದೆ.
ಇದು ಅದಲ್ಲ. ಇದಕ್ಕೆ ಸದ್ದೇ ಇಲ್ಲ.

ಗೋಡೆಯ ಬಳಿ ಬಿಸಿ ರೊಟ್ಟಿಯ ಬುಟ್ಟಿ ಹಿಡಿದಿದ್ದ ಲಾಮಾರಾ
ಎಲ್ಲರಂತೆ ಮುಖ ನೋಡಲಿಲ್ಲ, ಕೈ ನೋಡಿದಳು.
ಕೊಂಬು ಜಾರಿತ್ತು, ಎರಡೂ ಕೈ ಕೊರಳಿಗೆ ಹೋಗಿದ್ದವು.
ಬುಟ್ಟಿ ಎಸೆದು ಬಂದಳು.
‘ನುಗ್ಜಾರ್, ಗಂಟಲಲ್ಲಿ ಸಿಕ್ಕಿದೆಯಾ?’
ತಲೆಯಾಡಿಸಿದ. ತುಟಿ ಆಗಲೇ ನೇರಳೆ.
‘ಕೆಮ್ಮು!’
ಆಗಲಿಲ್ಲ.

ನಾನೇನು ಮಾಡಿದೆ? ವೈನ್ ತಂದೆ.
ಹೌದು, ಲೋಟ ಹಿಡಿದು ಅವನ ಬಾಯಿಗೆ ತಂದೆ.
ಅವಳು ತಳ್ಳಿದ ರಭಸಕ್ಕೆ ಅದು ಮಗಳ ಬಿಳಿ ಲಂಗದ ಮೇಲೆ.
ಜುರಾಬ ಎರಡು ಬೆರಳು ತೂರಿಸಲು ಹೊರಟಿದ್ದ,
‘ಕಾಣದ್ದನ್ನು ಕೆದಕಬೇಡವೋ, ಇನ್ನೂ ಒಳಗೆ ಹೋದೀತು.
ಫೋನ್ ಮಾಡು, ನೂರ ಹನ್ನೆರಡು!’

ಪಕ್ಕಕ್ಕೆ ನಿಂತು, ಒಂದು ಕೈ ಎದೆಗೆ ಆನಿಸಿ,
ಅವನನ್ನು ಮುಂದಕ್ಕೆ ಬಗ್ಗಿಸಿದಳು.
ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ
ಒಂದು, ಎರಡು,
ರೊಟ್ಟಿ ಎಣಿಸುವ ದನಿಯಲ್ಲೇ ಐದರವರೆಗೆ.
ಏನೂ ಇಲ್ಲ.
ಹಿಂದೆ ಬಂದು ತಬ್ಬಿದಳು,
ಅವನ ಹೆಂಡತಿಯ ಕಣ್ಣೆದುರೇ.
ಹೊಕ್ಕುಳಿನ ಮೇಲೆ, ಪಕ್ಕೆಲುಬಿನ ಕೆಳಗೆ ಮುಷ್ಟಿ,
ಮುಷ್ಟಿಯ ಮೇಲೆ ಇನ್ನೊಂದು ಕೈ,
ಒಳಕ್ಕೆ, ಮೇಲಕ್ಕೆ.
ಮೂವತ್ತು ವರ್ಷ ಮಣ್ಣೊಲೆಗೆ ಸೊಂಟದವರೆಗೆ ಬಗ್ಗಿ
ಗೋಡೆಯಿಂದ ರೊಟ್ಟಿ ಕಿತ್ತ ತೋಳುಗಳು ಅವು.
ಒಳಕ್ಕೆ, ಮೇಲಕ್ಕೆ.
ಒಳಕ್ಕೆ,

ಅಕ್ರೋಟಿನಷ್ಟು ದೊಡ್ಡ ತುಂಡು
ಗಿಣ್ಣಿನ ತಟ್ಟೆಗೆ ಹಾರಿ ಬಿತ್ತು.
ಆಮೇಲೆ ಒಂದು ಸದ್ದು,
ತುಕ್ಕು ಹಿಡಿದ ಗೇಟು ತೆರೆದಂತೆ, ಕರ್ಕಶ.
ಅಣ್ಣನ ಉಸಿರು.
ತುತ್ತಿಗೆ ತುತ್ತಾಗಲಿದ್ದವನು
ಕುರ್ಚಿಗೆ ಕುಸಿದು ಮೊದಲು ಹೇಳಿದ್ದು:
‘ಇನ್ನೂ ಆರನೆಯದು ಮುಗಿದಿಲ್ಲ.’
‘ಮೊದಲು ಆಸ್ಪತ್ರೆ’ ಎಂದಳು ಲಾಮಾರಾ,
‘ಹೊಟ್ಟೆ ಹಾಗೆ ಗುದ್ದಿದ್ದೇನೆ, ಒಳಗೆ ಏನಾಗಿದೆಯೋ ನೋಡಲಿ.’
ಹೇಳಿ, ಚೆಲ್ಲಿದ ರೊಟ್ಟಿ ಆಯಲು ಕೂತಳು.

ಎಲ್ಲಿ ಕಲಿತೆ ಎಂದು ಆಮೇಲೆ ಕೇಳಿದೆ.
ಹಿಂದೆ ತೆಲಾವಿಯಲ್ಲಿ ಶಾಲೆಯ ಬಸ್ಸಿನ ಕೆಲಸವಿತ್ತಂತೆ,
ಒಂದು ಮಧ್ಯಾಹ್ನ ರಬ್ಬರ್ ಗೊಂಬೆಯ ಮೇಲೆ ಕಲಿಸಿದರಂತೆ.
ಪ್ರಮಾಣಪತ್ರ ಕೊಟ್ಟಿದ್ದರು.
ದಪ್ಪ ಕಾಗದ, ಹಿಟ್ಟಿನ ಡಬ್ಬಿಗೆ ಮುಚ್ಚಳವಾಗಿದೆ.

ಈಗ ಯಾರಾದರೂ ಮಾತಿನ ನಡುವೆ ತಡೆದರೆ
ನಾನೂ ಕೈಗಳನ್ನೇ ನೋಡುತ್ತೇನೆ.
ಅಣ್ಣ ಮಾಂಸವನ್ನು ಮಕ್ಕಳ ತುತ್ತಿನಷ್ಟು ಕತ್ತರಿಸುತ್ತಾನೆ,
ತಮಾದನಾಗು ಎಂದರೆ ಕೆಮ್ಮಿ ತೋರಿಸುತ್ತಾನೆ.
ಸತ್ತವರಿಗೆ ಸಲ್ಲಬೇಕಿದ್ದ ಮಾತು ಬಾಕಿಯೇ ಉಳಿದಿದೆ.
ಇರಲಿ,
ಅವರಿಗೇನು ಅವಸರ.